ಆಲ್ಬಂ ಮಿತಾಕ್ಷರ
(ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸ್ಟುಡಿಯೊಗಳಲ್ಲಿ ಫೋಟೊ ತಿದ್ದುವ ಕ್ರಮದ ಮೇಲೊಂದು ಭಾಷ್ಯ)

ಶ್ರೀ ಗುರುಭ್ಯೋ ನಮಃ. ಯುಪಿಎಸ್ ಡಬ್ಬಿಗೂ ನಮಃ, ಕರೆಂಟ್ ಹೋದಾಗ ಸೇವ್ ಮಾಡದ ಫೈಲನ್ನು ಕಾಯುವ ದೈವ ಅದೊಂದೇ.

ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕು. ವಿಷಯ: ಮದುವೆಯ ಫೋಟೊ. ಪ್ರಯೋಜನ: ಆಲ್ಬಂ ಬೇಗ ಮುಗಿಸಿ ಬಾಕಿ ವಸೂಲು ಮಾಡುವುದು. ಸಂಬಂಧ: ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು. ಅಧಿಕಾರಿ: ಮೌಸ್ ಹಿಡಿದವನು. ಅವನ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತವನು ಪರಮಾಧಿಕಾರಿ.

ಮೊದಲು ಪೂರ್ವಪಕ್ಷ. 1990ರಲ್ಲಿ ಫೋಟೊಶಾಪ್, 2007ರಲ್ಲಿ ಲೈಟ್‌ರೂಮ್ ಬಂದ ಮೇಲೆ ವಿದೇಶಿ ಆಚಾರ್ಯರು ಒಂದು ಕ್ರಮ ಹೇಳಿದರು. ರಾ ಫೈಲಿನಲ್ಲಿ ತೆಗೆ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 14 ಬಿಟ್ಟಿನ ರಾ ಫೈಲಿನಲ್ಲಿ 16,384. ಕಾರ್ಡಿನಿಂದ ಇಳಿಸಿದ ತಕ್ಷಣ ಇನ್ನೊಂದು ಡಿಸ್ಕಿಗೆ ಕಾಪಿ ಮಾಡು. ಆಮೇಲೆ, ಬೇರೇನೂ ಮುಟ್ಟುವ ಮೊದಲು, ಬೇಡವಾದ್ದನ್ನು ತೆಗೆದುಹಾಕು. ಉಳಿದವುಗಳಲ್ಲಿ ಒಂದಕ್ಕೆ ಬಣ್ಣ, ಬೆಳಕು ಸರಿಮಾಡಿ ಅದನ್ನೇ ಅದೇ ಬೆಳಕಿನ ಎಲ್ಲಕ್ಕೂ ಹಚ್ಚು. ಮುಖದ ಕಲೆ, ಕೂದಲಿನ ಎಳೆ ಮುಂತಾದ ಸೂಕ್ಷ್ಮವೆಲ್ಲ ಕೊನೆಗೆ, ಅದೂ ಆರಿಸಿದ ಕೆಲವಕ್ಕೆ ಮಾತ್ರ.

ತರ್ಕ ನಿರ್ದುಷ್ಟ, ಒಪ್ಪೋಣ. ಬಾಧೆ ಒಂದೇ ಒಂದು ಪದದಲ್ಲಿದೆ. ಮದುವೆಯಲ್ಲಿ ಬೇಡವಾದವರು ಯಾರು?

ಇಲ್ಲಿ ನಮ್ಮ ಜಿಲ್ಲೆಯ ಹಿರಿಯನ ಮೊರೆ ಹೋಗಬೇಕು. ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ ಕಲಬುರಗಿ ಜಿಲ್ಲೆಯ ಮರತೂರಿನವನು ಎಂಬುದು ಈ ಭಾಗದವರ ಹೆಮ್ಮೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ ದಾಯಭಾಗದಲ್ಲಿ ಅಪ್ಪ ಸತ್ತ ಮೇಲಷ್ಟೇ. ಲೈಟ್‌ರೂಮಿನ ಆಚಾರ್ಯರು ದಾಯಭಾಗಿಗಳು: ಹತ್ತು ಫೋಟೊ ಸಾಯದೆ ಹನ್ನೊಂದನೆಯದಕ್ಕೆ ಪುಟ ಸಿಗದು. ನಮ್ಮ ಮೂರು ತಾಲ್ಲೂಕುಗಳು ಮಿತಾಕ್ಷರವಾದಿಗಳು. ಕ್ಯಾಮೆರಾ ಮುಂದೆ ಒಮ್ಮೆ ಹಾಯ್ದವನಿಗೆ, ಕಣ್ಣು ಮುಚ್ಚಿದ್ದರೂ, ಬಾಯಲ್ಲಿ ಬುಂದಿ ಲಾಡು ಇದ್ದರೂ, ಆಲ್ಬಂನಲ್ಲಿ ಆಜನ್ಮ ಹಕ್ಕು. ಕರಿಜ್ಮಾ ಆಲ್ಬಂ ಅವಿಭಕ್ತ ಕುಟುಂಬದ ಆಸ್ತಿ. ಎಡಿಟರ್ ಅದರ ಕರ್ತನಲ್ಲ, ಬರೀ ಸಂಬಳದಾಳು.

‘ನಮ್ಮ ಕಾಕಾಂದು ಯಾಕ ಹಾಕಿಲ್ರಿ?’

‘ಕಾಕಾ ಅಲ್ಲಾಡಿ ಬಿಟ್ಟಾರ್ರಿ.’

‘ಅಲ್ಲಾಡ್ಲಿ ಬಿಡ್ರಿ, ಐದು ತೊಲಿ ಬಂಗಾರ ಹಾಕ್ಯಾರ!’

ಈ ವಾಕ್ಯಕ್ಕೆ ಪ್ರತಿವಾದ ಯಾವ ಶಾಸ್ತ್ರದಲ್ಲೂ ಇಲ್ಲ.

ಹಕ್ಕಿನ ಮೇರೆ ಎಲ್ಲಿಯವರೆಗೆ? ಸಪಿಂಡ ಸಂಬಂಧ ತಂದೆಯ ಕಡೆ ಏಳು ತಲೆಗೆ, ತಾಯಿಯ ಕಡೆ ಐದು ತಲೆಗೆ ನಿಲ್ಲುತ್ತದೆ. ಇದು ಅನ್ವಯಿಸಿದರೆ ಪುಟಗಳ ಲೆಕ್ಕ ತಾನಾಗಿ ಸಿಗಬೇಕಿತ್ತು. ಆದರೆ ನಮ್ಮಲ್ಲಿ ಸೋದರಮಾವನೇ ಮದುಮಗನಾಗುವುದುಂಟು. ಆಗ ಹೆಣ್ಣಿನ ಅಜ್ಜಿಯೇ ಗಂಡಿನ ಅವ್ವ. ಆಕೆಗೆ ಎರಡೂ ಕಡೆಯಿಂದ ಒಂದೊಂದು ಪುಟ ಸಲ್ಲಬೇಕೋ, ಒಂದೇ ಸಾಕೋ ಎಂದು ಕೇಳಿದರೆ ಅಜ್ಜಿಯೇ ತೀರ್ಪು ಕೊಡುತ್ತಾಳೆ: ಎರಡು. ಆಳಂದದ ಮದುವೆಗೆ ಬೀಗರು ಉಮರ್ಗಾ, ಅಕ್ಕಲಕೋಟೆ ಕಡೆಯವರಾದರಂತೂ ಇದೇ ವ್ಯಾಜ್ಯ ಮರಾಠಿಯಲ್ಲಿ ಇನ್ನೊಮ್ಮೆ ನಡೆಯಬೇಕು.

ಹೀಗಾಗಿ ಆರಿಸುವ ಹಂತವೇ ಇಲ್ಲದ ಕ್ರಮವೊಂದನ್ನು ನಮ್ಮ ಸ್ಟುಡಿಯೊದವರು ಕಟ್ಟಿಕೊಂಡಿದ್ದಾರೆ. ಅದರ ಮೂಲಮಂತ್ರ ಆಕ್ಷನ್. ಫೋಟೊಶಾಪ್‌ಗೆ 1996ರಲ್ಲಿ ಸೇರಿದ ಈ ಸೌಲಭ್ಯದಲ್ಲಿ ಒಂದು ಸಲ ಮಾಡಿದ ಕೆಲಸವನ್ನು ರೆಕಾರ್ಡ್ ಮಾಡಿ ಒಂದು ಕೀಲಿಗೆ ಕಟ್ಟಬಹುದು. ಒಂದು ಕೀಲಿ ಒತ್ತಿದರೆ ಮುಖ ನುಣ್ಣಗೆ, ಇನ್ನೊಂದಕ್ಕೆ ಬೆಳ್ಳಗೆ. ‘ಹುಡುಗಿ ಸ್ವಲ್ಪ ಬೆಳ್ಳಗ ಬರ್ಬೇಕ್ರಿ’ ಎಂಬ ವಿಧಿವಾಕ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ. ಅದೇ ಕೀಲಿ ಇಡೀ ಗ್ರೂಪಿಗೆ ಬಿದ್ದು, ಮೂರು ತಲೆಮಾರು ಬಿಸಿಲಲ್ಲಿ ತೊಗರಿ ರಾಶಿ ಮಾಡಿದ ಮನೆತನ ಒಂದೇ ರಾತ್ರಿಯಲ್ಲಿ ಸುಣ್ಣ ಬಳಿದ ಗೋಡೆಯಾಗುತ್ತದೆ. ಈ ವಿಧಿ ನನಗೆ ಒಪ್ಪಿಗೆಯಿಲ್ಲ. ಆದರೆ ಭಾಷ್ಯಕಾರನಿಗೆ ಆಲ್ಬಂನಲ್ಲಿ ಪುಟವಿಲ್ಲ.

ಅರಿಶಿಣದ ಪ್ರಕರಣ ಮಾತ್ರ ಕಠಿಣ. ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಚೌಕಟ್ಟಿನ ತುಂಬ ಹಳದಿ ಕಂಡರೆ ದೀಪದ ದೋಷವೆಂದು ತಿಳಿದು ನೀಲಿ ಬೆರೆಸುತ್ತದೆ. ಹಂದರದ ಬಟ್ಟೆ ಗುಲಾಬಿಯಾದರೆ ಇನ್ನೊಂದು ಸುತ್ತು ತಪ್ಪು ಲೆಕ್ಕ. ಫಲ, ಮದುಮಗ ವಿಷ ಕುಡಿದವನಂತೆ ಕಾಣುತ್ತಾನೆ. ಪರಿಹಾರವಾಗಿ ಕ್ಯಾಮೆರಾವನ್ನು 5,500 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿ ಹಗಲ ಬೆಳಕಲ್ಲಿ ತೆಗೆಯಬೇಕು. ಬಲ್ಬಿನ ಕೆಳಗಾದರೆ 3,200ರ ಹತ್ತಿರ. ಹೀಗೆ ತೆಗೆದವುಗಳಲ್ಲಿ ಒಂದನ್ನು ತಿದ್ದಿದರೆ ಉಳಿದವೆಲ್ಲ ಅದನ್ನೇ ಪಾಲಿಸುತ್ತವೆ. ಪೂರ್ವಪಕ್ಷಕ್ಕೆ ಇಷ್ಟು ಮಾತ್ರ ಗೆಲುವು ಕೊಡೋಣ.

ಅಪವಾದವೊಂದಿದೆ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ಭೀಮಾ ಅಮರಜಾ ಸಂಗಮದಲ್ಲಿ ಮಿಂದು ಬಂದ ಭಕ್ತ ಬಸ್ಸು ಹತ್ತುವುದರೊಳಗೆ ಫೋಟೊ ಕೈಗೆ ಬೇಕು. ಅಲ್ಲಿ ಕಾಕಾ ಇಲ್ಲ, ಬೀಗರಿಲ್ಲ, ಕಂಡಕ್ಟರನ ಸೀಟಿಯೇ ಅಂತಿಮ ಗಡುವು. ಜಗತ್ತಿನ ಅತಿ ದಕ್ಷ ಎಡಿಟಿಂಗ್ ಸಾಫ್ಟ್‌ವೇರ್ ಕೆಎಸ್‌ಆರ್‌ಟಿಸಿ ಎಂದು ಇದರಿಂದ ಸಿದ್ಧವಾಗುತ್ತದೆ. (ಈ ಭಾಗದಲ್ಲಿ ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಶಾಸ್ತ್ರದಲ್ಲಿ ಪಾಠಾಂತರ ಸಹಜ.)

ಜೇವರ್ಗಿಯಲ್ಲಿ ಗಡುವು ತೊಗರಿಯದು. ರೇಟು ಏರಲೆಂದು ಚೀಲ ಕಟ್ಟಿಟ್ಟ ಮನೆಯ ಆಲ್ಬಂ ಕೂಡ ಕಂಪ್ಯೂಟರಿನಲ್ಲೇ ಕಟ್ಟಿಟ್ಟಿರುತ್ತದೆ. 12 ಇಂಚು, 36 ಇಂಚಿನ ಒಂದು ಶೀಟು 300 ಡಿಪಿಐ ಲೆಕ್ಕದಲ್ಲಿ ಸುಮಾರು 3.9 ಕೋಟಿ ಪಿಕ್ಸೆಲ್. ಅಷ್ಟು ಕೋಟಿಯ ಒಡೆಯ ಲ್ಯಾಬಿನವನಿಗೆ ಅಡ್ವಾನ್ಸ್ ಕಳಿಸಲು ಪರದಾಡುತ್ತಾನೆ.

ಉಳಿದದ್ದು ಪ್ರೇತ ಪ್ರಕರಣ. ತೀರಿಕೊಂಡ ಅಪ್ಪನನ್ನು ಮದುವೆಯ ಗ್ರೂಪಿನಲ್ಲಿ ನಿಲ್ಲಿಸಬೇಕು. ಸಿಕ್ಕಿದ್ದು ವೋಟರ್ ಐಡಿಯ ಬೆರಳುಗುರಿನಷ್ಟು ಮುಖ. ಅದನ್ನು ಮೊಬೈಲಿನಲ್ಲಿ ಹೊಡೆದು, ದೊಡ್ಡದು ಮಾಡಿ, ಬೇರೊಬ್ಬರ ಕೋಟಿಗೆ ಕೂರಿಸಿ, ನೆರಳು ಎಡಕ್ಕೆ ಬೀಳುತ್ತಿದ್ದರೆ ಎಡಕ್ಕೇ ತಿರುಗಿಸಿ, ಮಗನ ಪಕ್ಕದಲ್ಲಿ ನಿಲ್ಲಿಸುತ್ತಾರೆ. ಆರಿಸುವುದು ಬಿಡುವುದು ಎಂಬ ಮಾತೇ ಇಲ್ಲಿಲ್ಲ, ಬಾರದವರಿಗೂ ಪುಟವಿದೆ. ಆಮೇಲೆ ಹಿಂದಿನ ಕುರ್ಚಿಯಿಂದ ಒಂದು ದನಿ: ‘ಅಣ್ಣಾ, ಅಪ್ಪಗ ಒಂದೀಟು ನಗಸಾಕ ಬರ್ತದೇನ್ರಿ?’

ಬರುತ್ತದೆ. ಆದರೆ ಅದಕ್ಕೆ ಆಕ್ಷನ್ ಇಲ್ಲ, ಕೈಯಲ್ಲೇ ಮಾಡಬೇಕು, ರೇಟು ಬೇರೆ.