ಕೋವಿ ಕಾಯುವ ಮಾವ

ಜವನಗೊಂಡನಹಳ್ಳಿ ಕಡೆ ಯಾರಾದರೂ ‘ನಮ್ಮನೇಲಿ ಕೋವಿ ಐತೆ’ ಅಂದರೆ ಹೆದರಬೇಡಿ. ಅಂಥ ಮನೆಯಲ್ಲಿ ಹೆದರಿಕೊಂಡಿರುವವರು ಯಜಮಾನರೇ. ನಮ್ಮ ಮಾವನನ್ನೇ ನೋಡಿ. ಶೇಂಗಾ ಹೊಲಕ್ಕೆ ನುಗ್ಗುವ ಹಂದಿ ಓಡಿಸಲಿಕ್ಕೆಂದು ಅವರಪ್ಪ ಬೆಳೆ ರಕ್ಷಣೆಯ ಲೈಸೆನ್ಸಿನ ಮೇಲೆ ತಂದಿಟ್ಟ ಪಾಯಿಂಟ್ ಟೂ-ಟೂ ರೈಫಲ್ಲು, ಜೆಕೊಸ್ಲೊವಾಕಿಯಾದ ಬ್ರನೋ ಕಂಪನಿಯದು. ಆ ದೇಶವೇ 1993ರಲ್ಲಿ ಎರಡು ಹೋಳಾಯಿತು. ಮಾವನ ರೈಫಲ್ಲಿನ ಮರ ಮಾತ್ರ ಇನ್ನೂ ಒಂದು ಸೀಳು ಬಿಟ್ಟಿಲ್ಲ.

ತೂಕ ಮೂರು ಕೆ.ಜಿ.ಗೂ ಕಮ್ಮಿ. ಕಾಗದಪತ್ರದ ತೂಕ ಬೇರೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಲೈಸೆನ್ಸು ಮೂರು ವರ್ಷದ ಬದಲು ಐದು ವರ್ಷಕ್ಕೊಮ್ಮೆ ನವೀಕರಣ. ‘ಎರಡು ವರ್ಷ ಉಳೀತಲ್ಲ ಮಾವ’ ಅಂದೆ. ‘ಉಳೀತು ಕಣಯ್ಯ, ಆದ್ರೆ ಎಲೆಕ್ಷನ್ನು ಉಳಿಯಾಕೆ ಬಿಡಲ್ವಲ್ಲ’ ಅಂದರು. ನಮ್ಮ ಕಡೆಯ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಬೀಳಲಿಕ್ಕೆ 2022ರವರೆಗೆ ಕಾಯಿಸಿತು. ಮಾವನ ಕೋವಿಗೆ ಅಷ್ಟು ತಾಳ್ಮೆಯಿಲ್ಲ. 2023ರ ಮೇನಲ್ಲಿ ವಿಧಾನಸಭೆ, 2024ರ ಏಪ್ರಿಲ್‌ನಲ್ಲಿ ಲೋಕಸಭೆ. ನೀತಿಸಂಹಿತೆ ಬಂತೆಂದರೆ ಹಳೇ ದುಪ್ಪಟಿ ಸುತ್ತಿಸಿಕೊಂಡು ಠಾಣೆಯಲ್ಲಿ ಜಮಾ ಆಗಲಿಕ್ಕೆ ಹೊರಡುತ್ತದೆ. ಓಟು ಮುಗಿದ ಮೇಲೆ ಮಾವ ರಸೀದಿ ಹಿಡಿದು ಹೋಗಿ, ತವರಿಗೆ ಹೋದ ಹೆಂಡತಿಯನ್ನು ಕರೆತರುವ ಗಾಂಭೀರ್ಯದಲ್ಲಿ ವಾಪಸು ತರುತ್ತಾರೆ. ಕೊಡವರಿಗೆ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ ಅಂತ ನಾನು ಹೇಳಿದ ದಿನ ಅವರು ಊಟಕ್ಕೆ ಏಳಲಿಲ್ಲ.

ಇನ್ನು ಬೇಟೆ. ಈ ಗುಂಡಿನ ತೂಕ ಸುಮಾರು 2.6 ಗ್ರಾಂ. ಕೊಬ್ಬಿದ ಹಂದಿಗೆ ಅದು ಬಿದ್ದರೆ ಸಾಯುವುದಿಲ್ಲ, ಕೆರಳುತ್ತದೆ. ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಹೊಡೆದರೆ ಇಲಾಖೆಯೂ ಕೆರಳುತ್ತದೆ. ನವಿಲಂತೂ 1963ರಿಂದ ರಾಷ್ಟ್ರಪಕ್ಷಿ. ಶೇಂಗಾ ಕೆದಕುತ್ತಾ ಅದು ಮಾವನ ಕಡೆ ಕತ್ತೆತ್ತಿ ನೋಡುವ ಠೀವಿ ನೋಡಿದರೆ ಕಾನೂನು ಅದಕ್ಕೇ ಚೆನ್ನಾಗಿ ಗೊತ್ತು. ಹಾಗಾಗಿ ಹೊಲ ಕಾಯುವುದು ಪಟಾಕಿ ಮತ್ತು ಖಾಲಿ ಡಬ್ಬ. ಕೋವಿ ಕಾಯುವುದು ಮಾವ.

ಕಾಯುವುದೆಂದರೆ ಸುಮ್ಮನೆ ಅಲ್ಲ. ಈ ಜಾತಿಯ ತೋಟಾದಲ್ಲಿ ಕಿಡಿ ಹೊತ್ತಿಸುವ ಮಸಾಲೆ ಇರುವುದು ತಳದ ನಡುವೆ ಅಲ್ಲ, ತಳದ ಅಂಚಿನೊಳಗೆ. ಪಿನ್ನು ಬಂದು ಅಂಚಿಗೇ ಕುಟ್ಟಬೇಕು. ತೋಟಾ ಇಲ್ಲದೆ ಕುದುರೆ ಎಳೆದರೆ ಹಳೇ ಕೋವಿಯಲ್ಲಿ ಪಿನ್ನು ತೋಟಾ ಕೂರುವ ಗೂಡಿನ ಅಂಚಿಗೇ ಗುದ್ದಿ ಗುಳಿ ಬೀಳಿಸಬಹುದು. ಆಮೇಲೆ ತೋಟಾ ಸಿಡಿಯುವುದೂ ಅನುಮಾನ, ಖಾಲಿ ಕೊಳವೆ ಹೊರಬರುವುದೂ ಅನುಮಾನ. ಬಂದ ನೆಂಟರೆಲ್ಲ ‘ಒಂದ್ಸಲ ಟಿಕ್ ಅನ್ಸಲಾ?’ ಅಂತ ಕೈಚಾಚಿದರೆ ಮಾವನಿಗೆ ಬಿ.ಪಿ. ಏರುವುದು ಅದಕ್ಕೇ. ಒರೆಸುವುದಕ್ಕೂ ಶಾಸ್ತ್ರವಿದೆ. ಮೊದಲು ಮ್ಯಾಗಜೀನು ತೆಗೆದು, ಗೂಡು ಖಾಲಿಯಿದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ನೋಡಬೇಕು. ಬೋಲ್ಟು ಕಳಚಿ ಹಿಂದಿನಿಂದ ಸಲಾಕೆ ತೂರಿಸಬೇಕು. ಮುಂದಿನಿಂದ ತೂರಿಸಿದರೆ ನಳಿಗೆಯ ಬಾಯಿ ಸವೆದು ಗುರಿ ಕೆಡುತ್ತದೆ. ಗುಂಡು ಮೆತ್ತನೆಯ ಸೀಸ, ಮೇಲೆ ಮೇಣ. ನಳಿಗೆಯನ್ನು ದಿನಾ ಉಜ್ಜುವ ಅಗತ್ಯವೇ ಇಲ್ಲ. ಕೊಳೆ ಕೂರುವುದೆಲ್ಲ ಗೂಡಿನಲ್ಲಿ, ಬೋಲ್ಟಿನ ಮೂತಿಯಲ್ಲಿ. ಎಣ್ಣೆ ತೊಟ್ಟು ಸಾಕು. ಅತ್ತೆ ಒಮ್ಮೆ ಕೊಬ್ಬರಿ ಎಣ್ಣೆ ಹಚ್ಚಿಟ್ಟು, ಅದು ಅಂಟಾಗಿ, ಬೋಲ್ಟು ಎಳೆಯಲಿಕ್ಕೆ ಇಬ್ಬರು ಬೇಕಾದರು.

ಅದಕ್ಕಿಂತ ದೊಡ್ಡ ಗಂಡಾಂತರ ಆಯುಧಪೂಜೆ. ಅರಿಶಿನದ ನೀರು, ಕುಂಕುಮ, ಹೂವು, ಮೇಲೊಂದು ನಿಂಬೆಹಣ್ಣಿನ ರಸ. ಉಕ್ಕಿಗೆ ಇಷ್ಟು ಸತ್ಕಾರ ಸಾಕು, ವಾರದಲ್ಲಿ ತುಕ್ಕು. ‘ಪಕ್ಕದ ದುರ್ಗದಲ್ಲಿ ಓಬವ್ವ ಒನಕೇಲೇ ಕೋಟೆ ಉಳಿಸಿದ್ಲು, ಅದಕ್ಕೆ ಎಣ್ಣೆ ಬೇಕಿತ್ತಾ, ರಸೀದಿ ಬೇಕಿತ್ತಾ?’ ಎಂದು ಅತ್ತೆ ಕೇಳುತ್ತಾರೆ. ಮಾವನ ಹತ್ತಿರ ಉತ್ತರ ಇಲ್ಲ, ಒಂದು ಹಳೇ ಪಂಚೆ ತುಂಡು ಇದೆ.

ಮಾರಿಬಿಡಿ ಅಂದರೆ ಕೇಳುವುದಿಲ್ಲ. 1980ರ ದಶಕದಲ್ಲಿ ಜನಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು ನಿಂತ ಮೇಲೆ ಇಂಥ ಹಳೆಯದಕ್ಕೆ ಭಾರಿ ಬೇಡಿಕೆ, ನಿಜ. ಆದರೆ ಮಾವ ಹಿಡಿದಿರುವುದು 2016ರ ನಿಯಮ: ಎಪ್ಪತ್ತು ತುಂಬಿದರೆ ಬದುಕಿದ್ದಾಗಲೇ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ಎಪ್ಪತ್ತು ತುಂಬಿಯಾಯಿತು. ಬೆಂಗಳೂರಿನ ಮಗ ‘ಅಪ್ಪಾ, ಫ್ಲ್ಯಾಟಿನಲ್ಲಿ ಇಡೋದೆಲ್ಲಿ, ವಾಷಿಂಗ್ ಮಷೀನ್ ಪಕ್ಕಾನಾ?’ ಅಂದ. ಮಗಳನ್ನು ಮಾವ ಕೇಳಲೇ ಇಲ್ಲ. ಮನೆಯಲ್ಲಿ ನಿಜವಾಗಿ ಗುರಿ ಹಿಡಿದು ಹೊಡೆದವಳು ಅವಳೊಬ್ಬಳೇ. ಕಾಲೇಜಿನಲ್ಲಿ ಎನ್‌ಸಿಸಿ, ಅಲ್ಲಿ ಕೊಡುವುದೂ ಪಾಯಿಂಟ್ ಟೂ-ಟೂನೇ. ಮೊನ್ನೆ ಹಬ್ಬಕ್ಕೆ ಬಂದವಳು ಬೋಲ್ಟು ಕಳಚಿ ಬೆಳಕಿಗೆ ಹಿಡಿದು, ‘ಅಪ್ಪಾ, ಪಿನ್ನಿನ ತುದಿ ಸವೆದೈತೆ, ಲೈಸೆನ್ಸ್ ಇರೋ ರಿಪೇರಿಯವರಿಗೆ ತೋರಿಸ್ಬೇಕು’ ಅಂದಳು. ಮಾವ ಕನ್ನಡಕ ಹಾಕಿಕೊಂಡು ನೋಡಿ, ಇದು ಮೊದಲೇ ಗೊತ್ತಿತ್ತು ಅಂದರು. ಗೊತ್ತಿರಲಿಲ್ಲ. ಮರುದಿನ ಅರ್ಜಿ ಫಾರಂ ತರಿಸಿದ್ದಾರೆ, ಆದರೆ ವಾರಸುದಾರರ ಹೆಸರಿನ ಜಾಗಕ್ಕೆ ಬಂದಾಗ ಪೆನ್ನಿನ ಇಂಕು ಮುಗಿದಿದೆಯಂತೆ. ಅವಳು ಇನ್ನೊಂದು ಪೆನ್ನು ತಂದಿಟ್ಟಿದ್ದಾಳೆ.