ಚೆನ್ನಾಗಿದೆ ಅನ್ನಬಾರದು

ನಮ್ಮ ಕಡೆ ಅಡಿಕೆ ತೋಟ ಇದ್ದವರನ್ನು ‘ಈ ವರ್ಷ ಫಸಲು ಹೇಗೆ?’ ಎಂದು ಕೇಳಿದರೆ ಸರಿಯಾದ ಉತ್ತರ ಒಂದೇ: ‘ಎಂತ ಫಸಲು, ಬಿಡಿ ಮಾರಾಯ್ರೆ.’ ಕೊನೆ ಭಾರಕ್ಕೆ ಮರ ಓಲಾಡುತ್ತಿದ್ದರೂ ಇದೇ ಉತ್ತರ. ಇದು ಸುಳ್ಳಲ್ಲ, ಮರ್ಯಾದೆ. ಕೇಳಿದವರಿಗೂ ಇದು ಗೊತ್ತಿರುತ್ತದೆ. ಅವರು ನಮ್ಮ ನಿಟ್ಟುಸಿರಿನ ಉದ್ದ ನೋಡಿ ಎಷ್ಟು ಕ್ವಿಂಟಲ್ ಆಗಬಹುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು, ‘ನಮ್ಮದೂ ಅದೇ ಕಥೆ’ ಎನ್ನುತ್ತಾರೆ. ಈ ಮರ್ಯಾದೆ ಗೊತ್ತಿಲ್ಲದ ಗಂಡ ಹೆಂಡತಿ ಇಬ್ಬರು ನಮ್ಮ ಕೆಳಮನೆಯಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಬಾಡಿಗೆಗೆ ಇದ್ದರು. ಫ್ರಾನ್ಸಿನವರು.

ಶೃಂಗೇರಿಯಿಂದ ಕಿಗ್ಗಕ್ಕೆ ಸುಮಾರು ಹತ್ತು ಕಿಲೋಮೀಟರ್. ಅಲ್ಲಿಂದ ಸಿರಿಮನೆ ಜಲಪಾತಕ್ಕೆ ಇನ್ನು ಐದು. ಆ ಐದರ ನಡುವೆ ಎಲ್ಲೋ ನಮ್ಮ ಮನೆ. ಜಲಪಾತಕ್ಕೆ ಹೋಗುವ ಕಾರುಗಳೆಲ್ಲ ನಮ್ಮ ಗೇಟಿನ ಎದುರು ನಿಂತು ‘ಫಾಲ್ಸ್ ಇನ್ನೆಷ್ಟು ದೂರ?’ ಎಂದು ಕೇಳುವುದು ವಾಡಿಕೆ. ದಾರಿ ಹೇಳಿ ಹೇಳಿ ಸಾಕಾದ ನಮ್ಮನೆಯವರು ಕೊನೆಗೆ ಒಂದು ಹೋಮ್‌ಸ್ಟೇ ಬೋರ್ಡು ಹಾಕಿಬಿಟ್ಟರು. ಹೇಗೂ ನಿಲ್ಲಿಸುತ್ತಾರೆ, ಊಟ ಮಾಡಿ ದುಡ್ಡಾದರೂ ಕೊಡಲಿ ಎಂಬ ಲೆಕ್ಕ.

ಇವರು ಬಂದದ್ದು 2018ರ ಏಪ್ರಿಲ್‌ನಲ್ಲಿ, ಎರಡು ದಿನದ ಮಟ್ಟಿಗೆ. ಅವನಿಗೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಅವಳು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವಳು. ಅತ್ತೆ ಮಾವ ಇದ್ದ ಕೆಳಮನೆ ಖಾಲಿ ಬಿದ್ದಿರುವುದನ್ನು ನೋಡಿ, ‘ಇದನ್ನು ನಮಗೆ ಕೊಡ್ತೀರಾ?’ ಎಂದು ಕೇಳಿದರು. ಅವನು ತಿಂಗಳಿಗೆ ಒಂದು ವಾರ ಬೆಂಗಳೂರಿಗೆ ಹೋಗಿ ಬಂದರೆ ಸಾಕಂತೆ. ‘ಒಂದು ಮಳೆಗಾಲ ನೋಡಿ ಆಮೇಲೆ ಹೇಳಿ’ ಎಂದೆ ನಾನು. ‘ನಮಗೆ ಮಳೆ ತುಂಬಾ ಇಷ್ಟ’ ಎಂದಳು ಅವಳು. ಮಳೆ ಇಷ್ಟ ಎನ್ನುವವರೊಂದಿಗೆ ವಾದ ಮಾಡಬಾರದು. ಅದನ್ನು ಮಳೆಯೇ ನೋಡಿಕೊಳ್ಳುತ್ತದೆ.

ಮೊದಲ ತಾಪತ್ರಯ ಅವರದಲ್ಲ, ನಮ್ಮದು. ವಿದೇಶದವರು ನಮ್ಮಲ್ಲಿ ಉಳಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಆಗ ‘ಫಾರ್ಮ್ ಸಿ’ ಎಂಬುದನ್ನು ಕಂಪ್ಯೂಟರಿನಲ್ಲಿ ತುಂಬಿ ಸರ್ಕಾರಕ್ಕೆ ಕಳಿಸಬೇಕಿತ್ತು. ಸರ್ಕಾರಕ್ಕೆ ಗಂಟೆಯ ಲೆಕ್ಕ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಬರುವುದು ಗಾಳಿಯ ಲೆಕ್ಕ. ಕೊಟ್ಟಿಗೆಯ ಹಿಂದಿನ ಗುಡ್ಡದ ಮೇಲೆ ಒಂದು ನೇರಳೆ ಮರವಿದೆ. ಅದರ ಬುಡದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಸಿಗ್ನಲ್. ಫ್ರಾನ್ಸಿನ ಪ್ರಜೆಗಳಿಬ್ಬರ ಪಾಸ್‌ಪೋರ್ಟ್ ನಂಬರನ್ನು ನಮ್ಮನೆಯವರು ಬೈನೆ ಮರದ ಮೇಲೆ ಕಳ್ಳು ಇಳಿಸುವವರ ಗಾಂಭೀರ್ಯದಲ್ಲಿ ಅಲ್ಲಿಂದ ಸರ್ಕಾರಕ್ಕೆ ಇಳಿಸಿದರು.

ಬೆಂಗಳೂರಿನ ಯಾರೋ ಮೇಷ್ಟರು ಅವರಿಗೆ ಸ್ವಲ್ಪ ಕನ್ನಡ ಕಲಿಸಿದ್ದರು. ಪುಣ್ಯಾತ್ಮರು ಮೊದಲು ಕಲಿಸಿದ ಮಾತೇ ‘ತುಂಬಾ ಚೆನ್ನಾಗಿದೆ’. ಕಡುಬು ತುಂಬಾ ಚೆನ್ನಾಗಿದೆ, ದನ ತುಂಬಾ ಚೆನ್ನಾಗಿದೆ, ಸಂಕ ತುಂಬಾ ಚೆನ್ನಾಗಿದೆ. ಹಳ್ಳಕ್ಕೆ ಅಡ್ಡ ಹಾಕಿದ ಆ ಎರಡು ಅಡಿಕೆ ದಬ್ಬೆಯ ಮೇಲೆ ಕಾಲಿಡಲು ನಾನು ಹುಟ್ಟೂರಿನಿಂದ ಬಂದ ಹೊಸತರಲ್ಲಿ ಅತ್ತಿದ್ದೇನೆ. ಅದರಲ್ಲಿ ಚೆನ್ನಾಗಿರುವುದು ಏನೆಂದು ಈಗಲೂ ತಿಳಿದಿಲ್ಲ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೇ ತಿಂಗಳಲ್ಲಿ ಕೊಪ್ಪದಲ್ಲಿ ನಮ್ಮನೆಯವರ ಕಡೆಯ ಒಂದು ಮದುವೆಗೆ ಅವರನ್ನು ಕರೆದುಕೊಂಡು ಹೋದೆವು. ಬಿಳಿಯ ಜೋಡಿ ಬಾಳೆಲೆಯ ಮುಂದೆ ಕೂತಿದ್ದೇ ತಡ, ಪಂಕ್ತಿಯ ಎಲ್ಲರಿಗೂ ಅವರನ್ನು ಮಾತಾಡಿಸುವ ಉಮೇದು. ‘ಎಲ್ಲಿ ಇದ್ದೀರಿ?’ ಎಂದರೆ ನಮ್ಮ ಹೆಸರು. ‘ಅವರ ತೋಟ ನೋಡಿದ್ರಾ?’ ಎಂದು ಯಾರೋ ಕೇಳಿದರು. ಅವನು ಜಿಲೇಬಿ ಕೆಳಗಿಟ್ಟು, ಪಂಕ್ತಿಯ ಕೊನೆಯವರೆಗೆ ಕೇಳುವಂತೆ ಹೇಳಿದ: ‘ತೋಟ ತುಂಬಾ ಚೆನ್ನಾಗಿದೆ! ಅಡಿಕೆ ತುಂಬಾ ತುಂಬಾ ಇದೆ!’

ಎದುರು ಸಾಲಿನಲ್ಲಿದ್ದ ನಮ್ಮನೆಯವರ ಕೈ ಅನ್ನದಲ್ಲೇ ನಿಂತಿತು. ಮುಂದಿನ ಎಂಟು ದಿನಗಳಲ್ಲಿ ನಮ್ಮ ಮನೆಗೆ ಬಂದವರು: ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದವರು ಇಬ್ಬರು, ಇನ್ಶೂರೆನ್ಸ್ ಏಜೆಂಟ್ ಒಬ್ಬ, ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ದಾಯಾದಿ ಭಾವ ಕೈಸಾಲಕ್ಕೆ. ಕೆಲಸದವರು ಕೂಲಿ ಹೆಚ್ಚು ಮಾಡಬೇಕೆಂದು ಜಗಲಿಯಲ್ಲಿ ಕೂತರು. ಕೂಲಿಯನ್ನು ಹೆಚ್ಚು ಮಾಡಿದೆವು. ಅದು ನ್ಯಾಯವೇ ಆಗಿತ್ತು, ಆದರೆ ಆ ನ್ಯಾಯ ಫ್ರಾನ್ಸಿನಿಂದ ಬರಬೇಕಾಯಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ಹದಿನೈದು ದಿನ ಅವಳು ಜಗಲಿಯಲ್ಲಿ ಕೂತು ಮಳೆಯ ಚಿತ್ರ ಬರೆದಳು. ಹದಿನಾರನೆಯ ದಿನ ಕಾಗದವೇ ಒದ್ದೆಯಾಗಿ ಬಣ್ಣ ತನ್ನಷ್ಟಕ್ಕೆ ಹರಿಯತೊಡಗಿತು. ಒಗೆದ ಬಟ್ಟೆ ಒಣಗಲಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಹರವುವುದನ್ನು ನಾನೇ ತೋರಿಸಿಕೊಟ್ಟೆ. ಅವನು ಆ ತಿಂಗಳು ಬೆಂಗಳೂರಿನ ಆಫೀಸಿಗೆ ಹೋದಾಗ, ಮೈಯಿಂದ ಬರುವ ಹೊಗೆ ವಾಸನೆಗೆ ಪಕ್ಕದವನು ಎಲ್ಲೋ ವೈರು ಸುಡುತ್ತಿದೆ ಎಂದು ಎದ್ದು ಓಡಾಡಿದನಂತೆ. ಚರ್ಮದ ಬೆಲ್ಟಿಗೆ, ಶೂಗೆ, ಪಾಸ್‌ಪೋರ್ಟಿನ ರಟ್ಟಿಗೆ ಬೂಸ್ಟು ಬಂತು. ನಾನು ನಾಚಿಕೆಯಿಂದ ಒರೆಸಲು ಹೋದರೆ ಅವಳು, ‘ಇರಲಿ ಅಕ್ಕ, ನಮ್ಮೂರಲ್ಲಿ ಬೂಸ್ಟು ಬಂದ ಚೀಸಿಗೆ ಹೆಚ್ಚು ದುಡ್ಡು’ ಎಂದಳು. ಬೂಸ್ಟೂ ಚೆನ್ನಾಗಿದೆ! ಈ ಹೆಣ್ಣಿಗೆ ಏನು ತೋರಿಸಿದರೆ ಬೇಸರವಾದೀತು ಎಂದು ನನಗೆ ಛಲ ಹುಟ್ಟಿತು.

ಉಂಬಳ ತೋರಿಸಿದೆ. ತೋರಿಸುವುದೇನು, ತೋಟಕ್ಕಿಳಿದರೆ ಅವೇ ಬಂದು ಪರಿಚಯ ಮಾಡಿಕೊಳ್ಳುತ್ತವೆ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ನೀರು ಎಲ್ಲ ಹಚ್ಚಿಕೊಂಡು ಹೋದರೂ ಒಂದಲ್ಲ ಒಂದು ಬೆರಳಸಂದಿಯಲ್ಲಿ ಕೂತಿರುತ್ತದೆ. ಅವನು ಅದನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ಇತಿಹಾಸ ಹೇಳಿದ. ಇವುಗಳ ದಾಯಾದಿ ಜಿಗಣೆಗಳಿಂದ ರಕ್ತ ತೆಗೆಸುವ ಚಿಕಿತ್ಸೆಯ ಹುಚ್ಚು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿಗೆ ಎಷ್ಟು ಹಿಡಿದಿತ್ತೆಂದರೆ, ಅಲ್ಲಿನ ಕೆರೆಗಳದ್ದು ಸಾಲದೆ ವರ್ಷಕ್ಕೆ ಕೋಟಿಗಟ್ಟಲೆ ಜಿಗಣೆಗಳನ್ನು ಹೊರದೇಶಗಳಿಂದ ತರಿಸುತ್ತಿದ್ದರಂತೆ. ನಮ್ಮನೆಯವರು ಎರಡು ದಿನ ಮೌನವಾಗಿದ್ದರು. ಅಡಿಕೆಗೆ ಬಂದು ನಮ್ಮ ಅಜ್ಜಂದಿರು ಹಾಳಾದರು ಎಂದು ಮೂರನೆಯ ದಿನ ಹೇಳಿದರು.

ಅವನನ್ನು ನಾವು ನಿಜವಾಗಿ ಮನೆಯವನೆಂದು ಕಂಡದ್ದು ಮದ್ದು ಹೊಡೆಯುವ ದಿನ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರುತ್ತದೆ. ಎಳೆಕಾಯಿ ಕೊಳೆತು ಮರದ ಬುಡದಲ್ಲಿ ಉದುರಿ ಬೀಳುತ್ತದೆ. ಅದಕ್ಕೆ ಮಳೆ ಶುರುವಾಗುವಾಗ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಕೊನೆಗಳಿಗೆ ಬೋರ್ಡೋ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಡ್ರಮ್ಮಿನಲ್ಲಿ ಆ ನವಿಲುನೀಲಿ ದ್ರಾವಣ ಕಲಸುವಾಗ ಅವನು ಹತ್ತಿರ ಬಂದು, ‘ಇದಕ್ಕೆ ಏನನ್ನುತ್ತೀರಿ?’ ಎಂದು ಕೇಳಿದ. ‘ಬೋರ್ಡೋ’ ಎಂದರು ನಮ್ಮನೆಯವರು. ಅವನ ಮುಖ ನೋಡಬೇಕಿತ್ತು.

ಅವನ ಊರು ಇರುವುದೇ ಬೋರ್ಡೋ ಪಟ್ಟಣದ ಹತ್ತಿರ! ನಾವು ಇಷ್ಟು ವರ್ಷ ಬೋರ್ಡೋ ಎನ್ನುವುದು ಯಾವುದೋ ಕಂಪನಿಯ ಹೆಸರೆಂದುಕೊಂಡಿದ್ದೆವು. ಅವನ ಅಜ್ಜ ದ್ರಾಕ್ಷಿ ತೋಟಕ್ಕೆ ಇದನ್ನೇ ಹೊಡೆಯುತ್ತಿದ್ದನಂತೆ, ಅಪ್ಪ ಈಗಲೂ ಹೊಡೆಯುತ್ತಾನಂತೆ. ಅಲ್ಲಿಯ ರೈತರು ಮೊದಲು ಮೈಲುತುತ್ತ ಸುಣ್ಣ ಎರಚಿದ್ದು ರೋಗಕ್ಕಲ್ಲ, ಕಳ್ಳರಿಗೆ. ರಸ್ತೆ ಪಕ್ಕದ ಬಳ್ಳಿಗೆ ನೀಲಿ ಬಳಿದರೆ ದಾರಿಹೋಕರು ವಿಷವೆಂದು ಹಣ್ಣು ಮುಟ್ಟುವುದಿಲ್ಲ. ಅಂಥ ಬಳ್ಳಿಗಳಿಗೆ ಬೂಜುರೋಗ ತಾಗದಿರುವುದನ್ನು ಕಂಡ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಈ ಮದ್ದನ್ನು ಲೋಕಕ್ಕೆ ಹೇಳಿದ. ನಮ್ಮ ಅಡಿಕೆಗೆ ಅದನ್ನು ತಂದ ಕಥೆಯಲ್ಲೂ ಪರದೇಶದವನೊಬ್ಬ ಇದ್ದಾನೆ. ಲೆಸ್ಲಿ ಕೋಲ್ಮನ್, ಕೆನಡಾದವನು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, ಮಲೆನಾಡಿನ ತೋಟಗಳಲ್ಲಿ ಕೊಳೆರೋಗದ ಹಿಂದೆ ಬಿದ್ದು, ಈ ಮದ್ದು ಹೊಡೆಸಿದವನು. ಆಮೇಲೆ ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕನಾದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವನಿಂದಲೇ. ನೆನೆದ ಜಾರುಮರದ ಬುಡದಲ್ಲಿ ನಿಂತು ಆ ಕಾಲದಲ್ಲಿ ಆತ ಕೊನೆಗಾರರಿಗೆ ಹೇಗೆ ಅರ್ಥ ಮಾಡಿಸಿದನೋ! ಉಂಬಳ ಅವನನ್ನೂ ಬಿಟ್ಟಿರಲಿಕ್ಕಿಲ್ಲ.

ಆ ದಿನ ಹಾಳೆಟೊಪ್ಪಿ ಹಾಕಿಕೊಂಡು ನಮ್ಮ ಫ್ರೆಂಚ್ ತಮ್ಮ ಸಂಜೆಯವರೆಗೆ ಪೈಪ್ ಎಳೆದ. ಮುಖವೆಲ್ಲ ನೀಲಿ. ಕೃಷ್ಣನ ಪಾತ್ರಕ್ಕೆ ಬಣ್ಣ ಸಾಕು ಎಂದು ಕೆಲಸದವರು ನಕ್ಕರು.

ರಜಾದಿನ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಕಾರು ಬೇಡ, ಬಸ್ಸೇ ಬೇಕು. ಆಗಿನ್ನೂ ಸಹಕಾರ ಸಾರಿಗೆ ಓಡುತ್ತಿತ್ತು. ಕೊಪ್ಪದಲ್ಲಿ ಹಳೆಯ ಖಾಸಗಿ ಬಸ್ ಕಂಪನಿ ನಿಂತಾಗ ಅದರ ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲೀಕರೇ. ಇದನ್ನು ಕೇಳಿ ಅವನಿಗೆ ಬಸ್ಸಿನ ಮೇಲೆ ಭಕ್ತಿ ಬಂತು. ‘ನಮ್ಮ ದೇಶದಲ್ಲಿ ವರ್ಷಕ್ಕೊಮ್ಮೆ ರೈಲಿನವರು ಮುಷ್ಕರ ಮಾಡದಿದ್ದರೆ ನಮಗೆ ಸಮಾಧಾನವಿಲ್ಲ. ಇಲ್ಲಿ ಕೆಲಸಗಾರರೇ ಮಾಲೀಕರು. ಮುಷ್ಕರ ಯಾರ ಮೇಲೆ?’ ಎಂದು ಕಂಡಕ್ಟರನ್ನೇ ಕೇಳಿದ. ‘ಹೆಂಡತಿ ಮೇಲೆ’ ಎಂದರಂತೆ ಕಂಡಕ್ಟರ್, ಚಿಲ್ಲರೆ ಎಣಿಸುತ್ತ.

ಶೃಂಗೇರಿಯಲ್ಲಿ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳ ನಡುವೆ ಅವಳು ತನ್ನ ರಾಶಿ ಹುಡುಕಿ ಅರ್ಧ ದಿನ ಕಳೆದಳು. ತುಂಗೆಯ ಮೆಟ್ಟಿಲಲ್ಲಿ ಅವನು ಮಂಡಕ್ಕಿ ಎರಚುತ್ತ, ಮೊಣಕೈ ಉದ್ದದ ಆ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ ಎಂಬುದನ್ನು ನಂಬಲು ಒದ್ದಾಡಿದ. ಫ್ರೆಂಚರ ಕಣ್ಣಿಗೆ ಮೀನೆಂದರೆ ಪಕ್ಕದಲ್ಲಿ ಬೆಣ್ಣೆ ಕಾಣುತ್ತದೆಂದು ಕಾಣುತ್ತದೆ. ನರಸಿಂಹರಾಜಪುರಕ್ಕೂ ಹೋಗಿಬಂದರು. ತರೀಕೆರೆಯಿಂದ ಅಲ್ಲಿಗೆ ಒಂದು ಕಾಲದಲ್ಲಿ ಟ್ರಾಮು ಓಡುತ್ತಿತ್ತೆಂದು ಯಾರೋ ಹೇಳಿದ್ದರಿಂದ, ಭದ್ರಾ ಹಿನ್ನೀರಿನ ದಂಡೆಯಲ್ಲಿ ಅವನು ಇಲ್ಲದ ಹಳಿ ಹುಡುಕಿದ. ಆಗುಂಬೆಗೆ ಸೂರ್ಯಾಸ್ತ ನೋಡಲು ಮೂರು ಸಲ ಹೋಗಿ ಮೂರು ಸಲವೂ ಮಂಜು ನೋಡಿಕೊಂಡು ಬಂದರು. ಮಂಜು ಚೆನ್ನಾಗಿತ್ತಂತೆ.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕಿಗ್ಗದ ಋಷ್ಯಶೃಂಗೇಶ್ವರ. ಹೆಣ್ಣೆಂದರೆ ಏನೆಂದೇ ಕಾಣದೆ ಬೆಳೆದ ಮುನಿಕುಮಾರ, ಬರಗಾಲ ಬಿದ್ದ ಅಂಗದೇಶದವರು ಹುಡುಗಿಯರನ್ನು ಕಳಿಸಿ ಅವನನ್ನು ಕರೆಸಿಕೊಂಡದ್ದು, ಅವನು ಕಾಲಿಟ್ಟೊಡನೆ ಮಳೆ ಬಿದ್ದದ್ದು, ರಾಜಕುಮಾರಿ ಶಾಂತೆಯನ್ನು ಕೊಟ್ಟು ಮದುವೆ ಮಾಡಿದ್ದು, ಎಲ್ಲ ಹೇಳಿದೆ. ‘ಶಾಂತೆಯೂ ನನ್ನ ಹಾಗೆ ದೂರದಿಂದ ಬಂದವಳು’ ಎಂದಳು. ಮಳೆ ಬಾರದಿದ್ದರೆ ಮಂತ್ರಿಗಳೂ ಬಂದು ಇಲ್ಲಿ ಪೂಜೆ ಮಾಡಿಸುತ್ತಾರೆ ಎಂದೆ. ‘ಮಳೆ ಹೆಚ್ಚಾದರೆ?’ ‘ಅದಕ್ಕೂ ಇವನೇ.’ ಆಗ ಸುಮ್ಮನಿದ್ದಳು.

2019ರ ಆಗಸ್ಟ್ ಬಂತು. ಆ ಸಲದ ಮಳೆ ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ. ದರೆ ಜರಿದು ರಸ್ತೆಗೆ ಬಿತ್ತು, ಸಂಕ ಕೊಚ್ಚಿಹೋಯಿತು, ಕರೆಂಟ್ ಹೋಗಿ ಐದು ದಿನ. ಆರನೆಯ ಬೆಳಗ್ಗೆ ಅವಳು ಕಂಬಳಿಕೊಪ್ಪೆ ಹೊದ್ದು ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಒಲೆಯ ಮುಂದೆ ಕೈ ಕಾಯಿಸುತ್ತ ಹೇಳಿದಳು: ‘ಎಂತ ಮಳೆ ಅಕ್ಕ ಇದು, ಥತ್! ಕಿಗ್ಗಕ್ಕೆ ಹೋಗಿ ಬೇಡ ಅಂತ ಹೇಳಿ ಬರುವಾ.’

ನಾನು ಸೌಟು ಕೆಳಗಿಟ್ಟೆ. ‘ಕೇಳಿಸ್ತಾ?’ ಎಂದು ನಮ್ಮನೆಯವರನ್ನು ಕೂಗಿದೆ. ಅವರು ಜಗಲಿಯಿಂದ ಎದ್ದು ಬಂದರು. ‘ಇನ್ನೊಂದು ಸಲ ಹೇಳಮ್ಮ’ ಎಂದರು. ಅವಳು ಇನ್ನೊಂದು ಸಲ ಹೇಳಿದಳು, ಈ ಸಲ ಮೆಸ್ಕಾಂ ಲೈನ್‌ಮನ್ ಇನ್ನೂ ಯಾಕೆ ಬಂದಿಲ್ಲ ಎಂಬುದನ್ನೂ ಸೇರಿಸಿ. ಆ ಮಳೆಯಲ್ಲಿ ಅವನಾದರೂ ಎಲ್ಲಿಂದ ಬರಬೇಕು, ಪಾಪ. ಆದರೆ ಗೊಣಗುವಾಗ ಅದನ್ನೆಲ್ಲ ನೋಡಲಿಕ್ಕಿಲ್ಲ. ಆ ದಿನ ನಾನು ಏನೂ ವಿಶೇಷವಿಲ್ಲದೆ ಗಸಗಸೆ ಪಾಯಸ ಮಾಡಿದೆ.

ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಹಂದಿ ಗೆಡ್ಡೆ ಅಗೆದದ್ದು, ಮಂಗ ಏಲಕ್ಕಿ ಹಾಳು ಮಾಡಿದ್ದು, ಕೊನೆಗಾರರು ಹೇಳಿದ ದಿನಕ್ಕೆ ಬಾರದ್ದು, ಎಲ್ಲಕ್ಕೂ ನಿಟ್ಟುಸಿರು. ಅಕ್ಟೋಬರಿನಲ್ಲಿ ಅಡಿಕೆ ವ್ಯಾಪಾರಿಯೊಬ್ಬರು ಜಗಲಿಯಲ್ಲಿ ಕೂತು ಅವನ ಬಾಯಿ ಬಿಡಿಸಲು ನೋಡಿದರು. ಮದುವೆ ಮನೆಯ ಸುದ್ದಿ ಅಷ್ಟು ದೂರ ಹೋಗಿತ್ತು. ಅವನು ತಲೆ ಅಲ್ಲಾಡಿಸಿ, ‘ಕೊಳೆ, ಎಲ್ಲಾ ಕೊಳೆ’ ಎಂದ. ನಮ್ಮನೆಯವರು ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಆ ಡಿಸೆಂಬರಿನಲ್ಲಿ ಅವರು ಹೊರಟರು. ಅವನ ಅಪ್ಪನಿಗೆ ವಯಸ್ಸಾಗಿತ್ತು, ದ್ರಾಕ್ಷಿ ತೋಟ ನೋಡಿಕೊಳ್ಳಲು ಜನ ಬೇಕಿತ್ತು. ಅಪ್ಪೆಮಿಡಿ ಉಪ್ಪಿನಕಾಯಿಯ ಎರಡು ಬಾಟಲಿ, ಒಂದು ಹಾಳೆಟೊಪ್ಪಿ ಕಟ್ಟಿಕೊಟ್ಟೆ. 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ನಿಂತುಹೋಯಿತು. ಆ ಸುದ್ದಿ ಹೇಳಲು ನಮಗೆ ಮನಸ್ಸು ಬರಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ಒಂದು ಸಂಜೆ ನೇರಳೆ ಮರದ ಬುಡದಲ್ಲಿ ನಿಂತಾಗ ಅವರ ವಿಡಿಯೋ ಕರೆ ಬಂತು. ಹಿಂದೆ ಕಾಣುವಷ್ಟು ದೂರ ದ್ರಾಕ್ಷಿಯ ಸಾಲು, ಅವನ ತಲೆ ಮೇಲೆ ನಮ್ಮ ಹಾಳೆಟೊಪ್ಪಿ. ಅವಳು ಮೊದಲು ಕೇಳಿದ್ದೇ ‘ಕೊಳೆ ಬಂತಾ ಅಕ್ಕ?’ ಎಂದು. ಬಂದಿತ್ತು, ಹೇಳಿದೆ. ಆಮೇಲೆ ನಮ್ಮನೆಯವರು ಫೋನ್ ತೆಗೆದುಕೊಂಡು, ‘ನಿಮ್ಮ ದ್ರಾಕ್ಷಿ ಹೇಗುಂಟು ಈ ವರ್ಷ?’ ಎಂದು ಕೇಳಿದರು.

ಅವನು ಒಂದು ಉದ್ದನೆಯ ನಿಟ್ಟುಸಿರು ಬಿಟ್ಟ. ‘ಎಂತ ದ್ರಾಕ್ಷಿ, ಬಿಡಿ ಮಾರಾಯ್ರೆ.’

ಗುಡ್ಡ ಇಳಿಯುವಾಗ ನಮ್ಮನೆಯವರು ಹೇಳಿದರು: ‘ಒಳ್ಳೆ ಫಸಲು ಬಂದಿದೆ ಅವನಿಗೆ.’