ಕಾಲು ಪಾಲಿನ ವಿಮಾನ

ಸ್ವಂತ ವಿಮಾನವಿದೆ ಎಂದು ಹೇಳಿಕೊಳ್ಳುವುದರಲ್ಲಿ ಒಂದು ಮುಜುಗರವಿದೆ. ಕೇಳಿದವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ಕಾಲಿನ ಚಪ್ಪಲಿ ನೋಡುತ್ತಾರೆ, ಎರಡಕ್ಕೂ ವಿಮಾನಕ್ಕೂ ತಾಳೆ ಬೀಳದೆ ಮಾತು ಬದಲಿಸುತ್ತಾರೆ. ಹಾಸನದ ಕಡೆಯ ನೆಂಟರಲ್ಲಿ ಸುದ್ದಿ ಹಬ್ಬಿದ ಮೇಲೆ ಸಾಲ ಕೇಳುವ ಫೋನುಗಳೂ ಬಂದವು. ಚಿಕ್ಕಪ್ಪನೊಬ್ಬರು, "ಮುಂದಿನ ತಿಂಗಳು ಮಗಳ ನಿಶ್ಚಿತಾರ್ಥ ಕಣಯ್ಯ, ಹೇಗೂ ನಿಂದೇ ಇದೆಯಲ್ಲ, ಅದರಲ್ಲೇ ಬಂದುಬಿಡು" ಎಂದರು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಿಂದ ಹಾಸನಕ್ಕೆ, ನಡುವೆ ಇಡೀ ಪೆಸಿಫಿಕ್ ಸಾಗರ, ಟ್ಯಾಂಕಿನಲ್ಲಿ ನಾಲ್ಕು ಚಿಲ್ಲರೆ ಗಂಟೆಗಾಗುವಷ್ಟು ಪೆಟ್ರೋಲು!

ನಿಜ ಹೇಳಬೇಕೆಂದರೆ ನನಗಿರುವುದು ಕಾಲು ಪಾಲು ವಿಮಾನ. ಉಳಿದ ಮುಕ್ಕಾಲಕ್ಕೆ ಬೇರೆ ಮೂವರು ಒಡೆಯರು. ವಿಮಾನ ಹುಟ್ಟಿದ್ದು 1975ರಲ್ಲಿ, ಅಂದರೆ ವಯಸ್ಸಿನಲ್ಲಿ ನನಗಿಂತ ಹಿರಿದು. ಸೆಸ್ನಾ 172 ಎನ್ನುತ್ತಾರೆ. ನಾಲ್ಕು ಸೀಟು, ಒಂದು ಎಂಜಿನ್, ತಲೆಯ ಮೇಲೆ ರೆಕ್ಕೆ. ರೀಡ್-ಹಿಲ್‌ವ್ಯೂ ಎಂಬ ಪುಟ್ಟ ನಿಲ್ದಾಣದ ಬಯಲಿನಲ್ಲಿ ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತದೆ. ನನ್ನ ಪಾಲಿಗೆ ಕೊಟ್ಟದ್ದು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ದುಡ್ಡು. ಇದನ್ನು ಫೋನಿನಲ್ಲಿ ಅಮ್ಮನಿಗೆ ವಿವರಿಸಿದಾಗ ಅವಳ ಕಿವಿಗೆ ಬಿದ್ದದ್ದು ಎರಡೇ ಪದ. "ಸೆಕೆಂಡ್ ಹ್ಯಾಂಡಾ? ಕಾರು ಕೆಟ್ಟರೆ ರಸ್ತೆ ಪಕ್ಕ ನಿಲ್ಲಿಸಬಹುದು ಕಣೋ. ಇದನ್ನ ಎಲ್ಲಿ ನಿಲ್ಲಿಸ್ತೀಯ?" "ಸೆಕೆಂಡ್ ಹ್ಯಾಂಡ್ ಅಲ್ಲಮ್ಮ" ಎಂದೆ. ಸುಳ್ಳೇನಲ್ಲ. ನಮಗಿಂತ ಹಿಂದೆ ಅದನ್ನು ಸಾಕಿದವರನ್ನೆಲ್ಲ ಎಣಿಸಲು ಒಂದು ಕೈಬೆರಳು ಸಾಲುವುದಿಲ್ಲ.

ಹೊಸದನ್ನೇ ಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಇದೇ ಮಾದರಿಯ ಹೊಸ ವಿಮಾನದ ಬೆಲೆ ನಾಲ್ಕು ಲಕ್ಷ ಡಾಲರ್ ದಾಟಿದೆ. ನೋಡಲು ನಮ್ಮದಕ್ಕೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಹಾರುವ ವೇಗದಲ್ಲೂ ಹೇಳಿಕೊಳ್ಳುವ ಅಂತರವಿಲ್ಲ. ಸೆಸ್ನಾ 172 ಮೊದಲು ಹಾರಿದ್ದು 1955ರಲ್ಲಿ. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಇಷ್ಟು ಸಂತಾನ ಬೇರಾವ ವಿಮಾನಕ್ಕೂ ಇಲ್ಲ. 1986ರಲ್ಲಿ ಕಂಪನಿ ಇದನ್ನು ಮಾಡುವುದನ್ನೇ ನಿಲ್ಲಿಸಿತ್ತು. ಎಂದೋ ಮಾರಿದ ವಿಮಾನ ಎಂದೋ ಬಿದ್ದರೂ ತಯಾರಕರ ಮೇಲೆ ಮೊಕದ್ದಮೆ ಹೂಡುತ್ತಿದ್ದ ಕಾಲ ಅದು. ಕೋರ್ಟಿನ ಖರ್ಚು ಲೋಹದ ಖರ್ಚನ್ನು ಮೀರಿ ಬೆಳೆಯುತ್ತಿತ್ತು. 1994ರಲ್ಲಿ, ಹದಿನೆಂಟು ವರ್ಷ ದಾಟಿದ ಸಣ್ಣ ವಿಮಾನಗಳ ವಿಷಯದಲ್ಲಿ ತಯಾರಕರನ್ನು ಕೋರ್ಟಿಗೆಳೆಯದಂತೆ ಕಾನೂನು ಬಂದ ಮೇಲೆ, 1996ರಲ್ಲಿ ಕಾರ್ಖಾನೆ ಮತ್ತೆ ಬಾಗಿಲು ತೆರೆಯಿತು. ನಡುವಿನ ಹತ್ತು ವರ್ಷ ಹೊಸ ಕೂಸುಗಳೇ ಹುಟ್ಟಲಿಲ್ಲ. ಹಳಬರನ್ನೇ ಉಜ್ಜಿ ತಿಕ್ಕಿ ಹಾರಿಸುವ ರೂಢಿ ಅಮೆರಿಕದಲ್ಲಿ ಗಟ್ಟಿಯಾಗಲು ಇದೂ ಒಂದು ಕಾರಣ.

ಹಳೇ ವಿಮಾನವೆಂದರೆ ಭಯವಾಗುವುದಿಲ್ಲವೇ ಎಂಬುದು ಮುಂದಿನ ಪ್ರಶ್ನೆ. ನನಗೆ ಆಗುವುದಿಲ್ಲ. ಹಳೆಯದರ ದೊಡ್ಡ ಅನುಕೂಲವೇ ಅದು: ಎಲ್ಲೆಲ್ಲಿ ಕೈಕೊಡಬಹುದೋ ಅಲ್ಲೆಲ್ಲ ಅದು ಆಗಲೇ ಬೇರೆಯವರಿಗೆ ಕೈಕೊಟ್ಟು ಮುಗಿಸಿದೆ. ಉದಾಹರಣೆಗೆ ಪೈಲಟ್ಟಿನ ಸೀಟು. ನೆಲಕ್ಕೆ ಬಿಗಿದ ಎರಡು ಹಳಿಗಳ ಮೇಲೆ ಅದು ಹಿಂದೆ ಮುಂದೆ ಜಾರುತ್ತದೆ. ಹಳಿಯಲ್ಲಿ ಸಾಲಾಗಿ ತೂತುಗಳು. ಬೇಕಾದ ಜಾಗದಲ್ಲಿ ಒಂದು ಪಿನ್ನು ತೂತಿಗಿಳಿದು ಸೀಟನ್ನು ಹಿಡಿಯುತ್ತದೆ. ಇಷ್ಟು ಸರಳವಾದ ವ್ಯವಸ್ಥೆಯಲ್ಲಿ ಏನು ಕೆಡಬಹುದು? ವರ್ಷಗಟ್ಟಲೆ ಕುಳ್ಳರೂ ಉದ್ದನೆಯವರೂ ಸೀಟನ್ನು ಎಳೆದಾಡಿ ತೂತುಗಳು ಸವೆದು ಮೊಟ್ಟೆಯಾಕಾರಕ್ಕೆ ಬರುತ್ತವೆ. ಒಂದು ದಿನ ವಿಮಾನ ನೆಲ ಬಿಟ್ಟು ಮೂಗು ಮೇಲೆತ್ತಿದ ಗಳಿಗೆಯಲ್ಲಿ ಪಿನ್ನು ಜಾರುತ್ತದೆ. ಸೀಟು ಪೈಲಟ್ ಸಮೇತ ಹಿಂದಕ್ಕೆ ಹೋಗುತ್ತದೆ. ಬೀಳುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನಲ್ಲ, ಇವನ ಕೈಯಲ್ಲಿರುವುದು ವಿಮಾನದ ಚುಕ್ಕಾಣಿ. ಅದನ್ನು ಎಳೆದಷ್ಟೂ ಮೂಗು ಇನ್ನೂ ಮೇಲೇಳುತ್ತದೆ. ಕಾಲು ಪೆಡಲಿಗೆ ಎಟುಕುವುದಿಲ್ಲ. ಹೀಗೆ ಜೀವಗಳು ಹೋಗಿವೆ. 1987ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಹಳಿಯ ತೂತುಗಳನ್ನು ಕಾಲಕಾಲಕ್ಕೆ ಅಳೆದು ನೋಡಲೇಬೇಕೆಂದು ಆಜ್ಞೆ ಹೊರಡಿಸಿತು. ನಮ್ಮ ವಿಮಾನದ ಫೈಲಿನಲ್ಲಿ ಇಂಥ ಆಜ್ಞೆಗಳ ದೊಡ್ಡ ಪಟ್ಟಿಯೇ ಇದೆ. ಎಂಜಿನಿಗೆ ಬೇರೆ, ಪ್ರೊಪೆಲ್ಲರಿಗೆ ಬೇರೆ. ಒಣ ಸರ್ಕಾರಿ ಭಾಷೆ, ಓದಿದರೆ ಆಕಳಿಕೆ ಬರುತ್ತದೆ. ಆದರೂ ಪ್ರತಿ ಕಲಮಿನ ಹಿಂದೆ ಎಲ್ಲೋ ಯಾರೋ ಸಂಜೆ ಮನೆಗೆ ಬರಲಿಲ್ಲ ಎಂದು ನೆನೆದು ಓದಿದರೆ ಆಕಳಿಕೆ ನಿಲ್ಲುತ್ತದೆ.

ಈ ಎಲ್ಲವನ್ನೂ ನೋಡುವ ವಾರ್ಷಿಕ ತಪಾಸಣೆ ನಮ್ಮ ಪಾಲಿಗೆ ಹಬ್ಬವೂ ಹೌದು, ಸೂತಕವೂ ಹೌದು. ಹನ್ನೆರಡು ತಿಂಗಳಿಗೊಮ್ಮೆ ಮೂಗಿನಿಂದ ಬಾಲದವರೆಗೆ ಬಿಚ್ಚಿ ನೋಡಿ, ಅಧಿಕಾರವುಳ್ಳ ಮೆಕ್ಯಾನಿಕ್ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಅದು ವಿಮಾನವಲ್ಲ, ಅಲ್ಯೂಮಿನಿಯಂ. ನಮ್ಮ ಮೆಕ್ಯಾನಿಕ್ಕಿಗೆ ಎಪ್ಪತ್ತು ದಾಟಿದೆ. ಮಾತು ಕಡಿಮೆ, ಬಿಲ್ಲು ಹೆಚ್ಚು. ಸಿಲಿಂಡರುಗಳ ಪರೀಕ್ಷೆ ಮಾಡುವಾಗ ಅವರನ್ನು ನೋಡಬೇಕು. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಗಾಳಿ ತುಂಬಿ, ಒಳಗೆ ಎಷ್ಟು ಉಳಿಯುತ್ತದೆ ಎಂದು ನೋಡುತ್ತಾರೆ. 75 ಉಳಿದರೆ ತಲೆಯಾಡಿಸುತ್ತಾರೆ. ಕಡಿಮೆಯಾದರೆ ಸೋರುವ ಗಾಳಿಯನ್ನು ಕಿವಿಯಿಂದಲೇ ಹುಡುಕುತ್ತಾರೆ. ಹೊಗೆ ಕೊಳವೆಯಲ್ಲಿ ಬುಸ್ಸೆಂದರೆ ವಾಲ್ವಿನ ದೋಷ, ಎಣ್ಣೆ ಹಾಕುವ ಬಾಯಲ್ಲಿ ಬುಸ್ಸೆಂದರೆ ಪಿಸ್ಟನ್ ರಿಂಗಿನದು. ಆಮೇಲೆ ಆಯಿಲ್ ಫಿಲ್ಟರನ್ನು ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಬಿಸಿಲಿನಲ್ಲಿ ಹರಡಿ, ಲೋಹದ ಚೂರು ಮಿನುಗುತ್ತದೆಯೇ ಎಂದು ಕಣ್ಣು ಕಿರಿದುಮಾಡಿ ನೋಡುತ್ತಾರೆ. ಆ ಅರ್ಧ ನಿಮಿಷದಲ್ಲಿ ನಾವು ನಾಲ್ವರೂ ಉಸಿರಾಡುವುದಿಲ್ಲ. ಅವರು "ಹ್ಞೂಂ" ಎಂದರೆ ಸಾಕು; ಆ ವರ್ಷ ಮಕ್ಕಳ ಕಾಲೇಜು ಫೀಸಿಗೆ ತೊಂದರೆಯಿಲ್ಲ.

ನಮಗೂ ಕೆಲಸವಿರುತ್ತದೆ. ಪೈಲಟ್ ಲೈಸೆನ್ಸಿರುವ ಒಡೆಯ ತನ್ನ ವಿಮಾನದ ಎಣ್ಣೆ ಬದಲಿಸಬಹುದು, ಟೈರು ಹಾಕಬಹುದು, ಸ್ಪಾರ್ಕ್ ಪ್ಲಗ್ ತೊಳೆಯಬಹುದು, ದೀಪದ ಬಲ್ಬು ಬದಲಾಯಿಸಬಹುದು. ಮಾಡಿದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು. ವಾರವೆಲ್ಲ ಆಫೀಸಿನಲ್ಲಿ ಯಾರಿಗೂ ಕಾಣದ ಚಿಪ್ಪುಗಳ ಒಳಗೆ ಕೈಯಾಡಿಸುವ ನಾನು, ಶನಿವಾರ ಬಲ್ಬು ಬದಲಿಸಿ ಹಾಕಿದ ಸಹಿಯನ್ನು ಎರಡೆರಡು ಸಲ ನೋಡಿಕೊಳ್ಳುತ್ತೇನೆ. ತಪಾಸಣೆಯ ಕಾಲದಲ್ಲಿ ಹೊಟ್ಟೆ, ರೆಕ್ಕೆಗಳ ಮುಚ್ಚಳ ಬಿಚ್ಚಿ ಸ್ಕ್ರೂಗಳನ್ನು ಕಾಗದದ ಲೋಟಗಳಲ್ಲಿ ಹೆಸರು ಬರೆದಿಡುವುದು ನಮ್ಮ ಪಾಲಿನ ಚಾಕರಿ. ಕೊನೆಯಲ್ಲಿ ಒಂದು ಸ್ಕ್ರೂ ಉಳಿಯುವಂತಿಲ್ಲ. ಮಿಕ್ಸಿ ರಿಪೇರಿಯಲ್ಲಿ ಒಂದೆರಡು ಉಳಿಸಿಯೇ ಅಭ್ಯಾಸವಾದ ನನ್ನಂಥವನಿಗೆ ಇದು ಕಠಿಣ ಶಿಸ್ತು.

ಲಾಗ್‌ಬುಕ್ ಎಂದೆನಲ್ಲ, ವಿಮಾನದಲ್ಲಿ ಬೇರೆಲ್ಲವನ್ನೂ ಬದಲಾಯಿಸಬಹುದು, ಅದೊಂದನ್ನು ಬಿಟ್ಟು. ಕಳೆದರೆ ವಿಮಾನದ ಬೆಲೆಯೇ ಬಿದ್ದುಹೋಗುತ್ತದೆ. ನಿದ್ದೆ ಬಾರದ ರಾತ್ರಿ ನಾನು ಅದನ್ನು ಕಾದಂಬರಿಯೆಂದೇ ಓದುವುದುಂಟು. ಎಂಬತ್ತರ ದಶಕದ ಒಂದು ಪುಟದಲ್ಲಿ ಮುಂದಿನ ಚಕ್ರದ ಕವಲು ಬದಲಾಗಿದೆ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ರಿಪೇರಿಯಾಗಿದೆ. ಅಂದರೆ ಯಾರೋ ಮಹಾನುಭಾವ ಮೂಗು ಮೊದಲು ಇಳಿಸಿ ನೆಲಕ್ಕೆ ಕುಟ್ಟಿದ್ದಾನೆ. ಬರೆದ ಮೆಕ್ಯಾನಿಕ್ ಸಜ್ಜನ, ಯಾರೆಂದು ಹೇಳಿಲ್ಲ. ಗಾಳಿ ಜೋರಿರುವ ದಿನ ಇಳಿಸುವಾಗ ಆ ಅಜ್ಞಾತನನ್ನು ನೆನೆದು ಚುಕ್ಕಾಣಿಯನ್ನು ತುಸು ಹೆಚ್ಚೇ ಹಿಂದಕ್ಕೆ ಹಿಡಿಯುತ್ತೇನೆ.

ಪಾಲುದಾರಿಕೆಯ ವಿಷಯ ಸ್ವಲ್ಪ ಹೇಳಬೇಕು. ಅದು ನಮ್ಮೂರಿನ ದಾಯಾದಿಗಳ ತೋಟವಿದ್ದಂತೆ: ಫಸಲು ಹಂಚುವಾಗ ಜಗಳವಿಲ್ಲ, ಬೇಲಿ ಕಟ್ಟುವಾಗ ಶುರು. ನಮ್ಮಲ್ಲೊಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ಹಲ್ಲಿನ ಡಾಕ್ಟರು, ಮತ್ತೊಬ್ಬ ಏನು ಮಾಡುತ್ತಾನೆಂದು ಇಷ್ಟು ವರ್ಷದಲ್ಲಿ ಯಾರಿಗೂ ತಿಳಿದಿಲ್ಲ, ದುಡ್ಡು ಮಾತ್ರ ಸರಿಯಾಗಿ ಕೊಡುತ್ತಾನೆ. ಮೇಷ್ಟ್ರಿಗೆ ಹೊಸದೇನನ್ನೂ ಹಾಕಿಸಕೂಡದು. ಡಾಕ್ಟರಿಗೆ ಎಲ್ಲವೂ ಹೊಸದಾಗಬೇಕು.

ಡಾಕ್ಟರು ಗೆದ್ದದ್ದು ಸರ್ಕಾರದ ದಯೆಯಿಂದ. 2020ರ ಜನವರಿ 1ರಿಂದ ಇಲ್ಲಿನ ದಟ್ಟಣೆಯ ಆಕಾಶದಲ್ಲಿ ಹಾರುವ ವಿಮಾನ ತಾನು ಎಲ್ಲಿದ್ದೇನೆಂದು ತಾನೇ ರೇಡಿಯೋದಲ್ಲಿ ಸಾರುತ್ತಿರಬೇಕೆಂಬ ನಿಯಮ ಬಂತು. ಆ ಪೆಟ್ಟಿಗೆ ಹಾಕಿಸಲೆಂದು ಮುಂದಿನ ಪ್ಯಾನೆಲ್ ಬಿಚ್ಚಿದರೆ, ಒಳಗೆ ತಂತಿಗಳ ಕಾಡು. ಒಂದು ಕಾಲದ ರೇಡಿಯೋ ತೆಗೆದವರು ಅದರ ತಂತಿ ಬಿಟ್ಟಿದ್ದಾರೆ; ಅದರ ಮೇಲೆ ಮುಂದಿನವರು ತಮ್ಮದನ್ನು ಎಳೆದಿದ್ದಾರೆ. ಎರಡು ತುದಿಯೂ ಎಲ್ಲಿಗೂ ಸೇರದ ತಂತಿಗಳನ್ನು ರಾಶಿ ಹಾಕಿದೆವು. ದಿಕ್ಕು ತೋರಿಸುವ ಹಳೆಯ ಎಡಿಎಫ್ ಪೆಟ್ಟಿಗೆಯೂ ಹೋಯಿತು. ಅದರಲ್ಲಿ ಎಎಂ ಸ್ಟೇಷನ್ ಹಿಡಿದು ಆಕಾಶದಲ್ಲಿ ಬೇಸ್‌ಬಾಲ್ ಕಾಮೆಂಟರಿ ಕೇಳುತ್ತಿದ್ದ ಮೇಷ್ಟ್ರು ಅಂದು ಊಟ ಮಾಡಲಿಲ್ಲವಂತೆ. ಗಾಳಿ ಎಳೆದು ತಿರುಗುತ್ತಿದ್ದ ಗೈರೋ ಬುಗುರಿಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಪರದೆ ಬಂತು. ಹಾಕಿದ್ದು, ತೆಗೆದದ್ದು ಎಲ್ಲಕ್ಕೂ ತೂಕದ ಲೆಕ್ಕ ಬರೆಯಬೇಕು. ಬರೆದು ಕೂಡಿಸಿದಾಗ ವಿಮಾನ ಹಗುರಾಗಿತ್ತು. ಆ ಉಳಿತಾಯವನ್ನು ನಾನೊಬ್ಬನೇ ಮುಂದಿನ ದೀಪಾವಳಿಯೊಳಗೆ ಭರ್ತಿ ಮಾಡಿದೆ. ಅಷ್ಟೆಲ್ಲ ಹೊಸತನದ ನಡುವೆಯೂ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಮಾತ್ರ ಫೋರ್ಡ್ ಕಾರಿನ ಕುಲದ್ದೇ. ಕಾರಿನ ಅಂಗಡಿಯಿಂದ ತಂದು ಹಾಕುವಂತಿಲ್ಲ ಅಷ್ಟೇ. ವಿಮಾನದ್ದೆಂಬ ಕಾಗದ ಜೊತೆಗಿರಬೇಕು, ಆ ಕಾಗದಕ್ಕೂ ದುಡ್ಡು.

ಇಂಧನದ್ದು ಇನ್ನೊಂದು ಕಥೆ. ನಮ್ಮ ಎಂಜಿನ್ನನ್ನು 80 ಆಕ್ಟೇನ್ ಪೆಟ್ರೋಲಿಗೆಂದು ರೂಪಿಸಿದ್ದರು. ಅದು ಮಾರುಕಟ್ಟೆಯಿಂದ ಮಾಯವಾಗಿ, ನೀಲಿ ಬಣ್ಣದ 100 ಆಕ್ಟೇನಿನದೊಂದೇ ಉಳಿಯಿತು. ಹೆಸರಿನಲ್ಲೇ ಕಡಿಮೆ ಸೀಸದ್ದೆಂದು ಹೇಳಿಕೊಳ್ಳುವ ಇದರಲ್ಲಿ, ನಮ್ಮ ಹಳೇ ಪೆಟ್ರೋಲಿಗಿದ್ದ ಮಿತಿಯ ನಾಲ್ಕರಷ್ಟು ಸೀಸವಿರಬಹುದು! ಕೆಳಗಿನ ಪ್ಲಗ್ಗುಗಳಲ್ಲಿ ಅದು ಸಾಸಿವೆ ಗಾತ್ರದ ಗುಂಡುಗಳಾಗಿ ಕೂರುತ್ತಿತ್ತು. ಸೂಜಿಯಲ್ಲಿ ಕೆದಕಿ ತೆಗೆಯುತ್ತಿದ್ದೆವು. ನಿಲ್ದಾಣದ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಹೆಚ್ಚಿದೆಯೆಂದು ಅಧ್ಯಯನ ಹೇಳಿದ ಮೇಲೆ, 2022ರ ಜನವರಿಯಿಂದ ಇಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಂತಿತು. ದೊಡ್ಡ ಎಂಜಿನ್ನಿನವರು ಗೊಣಗಿದರು. ಅವರಿಗೆ ನಿಜವಾಗಿ ಕಷ್ಟವಾಯಿತು. ನಮ್ಮ ಮುದಿ ಎಂಜಿನ್ ಸೀಸವಿಲ್ಲದ 94 ಕುಡಿದು ಹಾಯಾಗಿದೆ. ಬೇಲಿಯಾಚೆ ಆಡುವ ಮಕ್ಕಳನ್ನು ನೋಡಿದವನಾಗಿ, ಈ ಆಜ್ಞೆ ಹತ್ತಾರು ವರ್ಷ ಮೊದಲೇ ಬರಬೇಕಿತ್ತೆಂದು ನನ್ನ ಅಭಿಪ್ರಾಯ.

ಬೇಸಿಗೆಯಲ್ಲಿ ಬಂದ ಅಮ್ಮ ವಿಮಾನ ನೋಡಬೇಕೆಂದಳು. ವಿಮಾನ ಅವಳಿಗೆ ತೀರಾ ಹೊಸದೇನಲ್ಲ. ನನ್ನ ಸೋದರಮಾವ ಬೆಂಗಳೂರಿನ ಎಚ್‌ಎಎಲ್‌ನಲ್ಲಿದ್ದವರು. 1958ರಲ್ಲಿ ಮೊದಲು ಹಾರಿದ, 90 ಅಶ್ವಶಕ್ತಿಯ, ಬಟ್ಟೆ ಹೊದಿಸಿದ ಪುಷ್ಪಕ್ ವಿಮಾನದ ಕಥೆಯನ್ನು ಮನೆಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಅಂಥವು ನೂರಾ ಅರವತ್ತರಷ್ಟು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲೆಲ್ಲ ಹಾರಿದವು. ಅಮ್ಮ ನಮ್ಮ ಸೆಸ್ನಾದ ರೆಕ್ಕೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ, "ನಿಮ್ಮ ಮಾವಂದು ಸೀರೆ, ನಿಂದು ಪಾತ್ರೆ" ಎಂದು ತೀರ್ಪು ಕೊಟ್ಟಳು. ಆಮೇಲೆ ಬ್ಯಾಗಿನಿಂದ ಕಾರಿನ ಡ್ಯಾಶ್‌ಬೋರ್ಡಿಗೆ ಅಂಟಿಸುವ ಪುಟ್ಟ ಗಣಪತಿಯನ್ನು ತೆಗೆದಳು. ಅಡಿಯಲ್ಲಿ ಅಯಸ್ಕಾಂತ. ಅಲ್ಯೂಮಿನಿಯಮ್ಮಿಗೆ ಅದು ಎಲ್ಲಿ ಇಟ್ಟರೂ ಅಂಟಲಿಲ್ಲ. ಮುಂದಿನ ಗಾಜಿನ ಬಳಿ ಹಿಡಿದದ್ದೇ ತಡ, ದಿಕ್ಸೂಚಿ ಉತ್ತರವನ್ನು ಕೈಬಿಟ್ಟು ಗಣಪತಿಯ ಕಡೆ ಗರ್ರನೆ ತಿರುಗಿತು. ಮೆಕ್ಯಾನಿಕ್ ಗಾಬರಿಯಾದರು. ಅಮ್ಮನಿಗೆ ಪರಮ ಸಂತೋಷ: "ನೋಡಿದ್ಯಾ? ಯಂತ್ರಕ್ಕಿರೋ ಭಕ್ತಿ ನಿನಗಿಲ್ಲ." ಅಯಸ್ಕಾಂತ ಕಿತ್ತು, ಗಣಪತಿಯನ್ನು ಹಿಂದಿನ ಸೀಟಿನ ಜೇಬಿನಲ್ಲಿ ಕೂರಿಸಿದೆವು. ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದು ಮೆಕ್ಯಾನಿಕ್ ಅನುಮತಿ ಕೊಟ್ಟರು.

ಹಾರಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದರೆ ಮಾತ್ರ ಉತ್ತರ ತೆಳ್ಳಗಾಗುತ್ತದೆ. ಸಾಂಟಾ ಕ್ರೂಜ್ ಗುಡ್ಡದಾಚೆ ವಾಟ್ಸನ್‌ವಿಲ್‌ಗೆ ಹೋಗಿ ತಿಂಡಿ ತಿಂದು ಬರುತ್ತೇವೆ. ಇಂಥ ಪ್ರಯಾಣಕ್ಕೆ ಇಲ್ಲಿನವರು ನೂರು ಡಾಲರಿನ ಬರ್ಗರ್ ಎನ್ನುತ್ತಾರೆ. ನಾನು ಸಸ್ಯಾಹಾರಿ, ನನ್ನದು ನೂರು ಡಾಲರಿನ ಆಲೂಗಡ್ಡೆ. ಇದೇ ಜಾತಿಯ ವಿಮಾನದಲ್ಲಿ ಇಬ್ಬರು 1958ರ ಡಿಸೆಂಬರಿನಲ್ಲಿ ಲಾಸ್ ವೇಗಸ್‌ನಿಂದ ಹಾರಿ, 64 ದಿನ 22 ಗಂಟೆ ಕೆಳಗಿಳಿಯದೆ ಸುತ್ತಿದ್ದರು. ರಸ್ತೆಯಲ್ಲಿ ಓಡುವ ಟ್ರಕ್ಕಿನಿಂದ ಪೈಪಿನಲ್ಲಿ ಪೆಟ್ರೋಲು, ಹೋಟೆಲಿನ ಅಡುಗೆಮನೆಯಿಂದ ಊಟ. ಕೊನೆಗೆ ಎಂಜಿನ್ನಿನಲ್ಲಿ ಮಸಿ ಕಟ್ಟಿ ಮೇಲೇರುವುದೇ ಕಷ್ಟವಾಯಿತಂತೆ. ನಮ್ಮ ಮೆಕ್ಯಾನಿಕ್ಕಿಗೆ ಈ ಸಾಹಸದ ಮೇಲೆ ಗೌರವವಿಲ್ಲ. ಎರಡು ತಿಂಗಳು ಹಿಡಿದು ನೋಡಲು ಬಿಡದ ವಿಮಾನವನ್ನು ಅವರು ಹೇಗೆ ತಾನೇ ಮೆಚ್ಚಿಯಾರು?

ಈಗ ನಮ್ಮೆದುರಿನ ಸಮಸ್ಯೆ ಎಂಜಿನ್ನಿನ ಆಯಸ್ಸು. ತಯಾರಕರ ಪ್ರಕಾರ 2,000 ಗಂಟೆಗೆ ಅದನ್ನು ಪೂರ್ತಿ ಬಿಚ್ಚಿ ಹೊಸದು ಮಾಡಿಸಬೇಕು. ನಮ್ಮದು ಹತ್ತಿರ ಬಂದಿದೆ, ಅದಕ್ಕೆಂದು ಕೂಡಿಟ್ಟ ಹಣ ಡಾಕ್ಟರರ ಪರದೆಯೊಳಗೆ ಹೋಗಿದೆ. ಸ್ವಂತಕ್ಕೆ ಹಾರಿಸುವವರಿಗೆ ಆ ಗಡುವು ಸಲಹೆಯೇ ಹೊರತು ಕಟ್ಟಳೆಯಲ್ಲ. ಗಂಟೆ ಉಳಿಸೋಣವೆಂದು ನಾಲ್ವರೂ ಒಳಗೊಳಗೇ ಹಾರುವುದು ಕಡಿಮೆ ಮಾಡಿದೆವು. "ನೀವು ಹೋಗಿ", "ಇಲ್ಲ, ನೀವೇ ಹೋಗಿ" ಎಂಬ ಉಪಚಾರ ನಡೆಯಿತು. ಮೆಕ್ಯಾನಿಕ್ ಬೈದರು. ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಮೇಲುಗಡೆ ಇರುತ್ತದೆ. ನಿಲ್ಲಿಸಿಟ್ಟರೆ ಎಣ್ಣೆಯೆಲ್ಲ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ, ಉಳಿಸಲು ಹೋಗಿ ಕಳೆಯುತ್ತೀರಿ, ಹಾರಿಸಿ ಎಂದರು. ಅಂದಿನಿಂದ ಎಲ್ಲರಿಗೂ ಎಂಜಿನ್ನಿನ ಆರೋಗ್ಯದ ಚಿಂತೆ ಹತ್ತಿ, ಶನಿವಾರ ಭಾನುವಾರ ಒಂದೂ ಖಾಲಿಯಿಲ್ಲ. ಈ ವಾರ ನನಗೆ ಸಿಕ್ಕಿರುವುದು ಮಂಗಳವಾರ ಬೆಳಿಗ್ಗೆ ಏಳು ಗಂಟೆ. ಆಫೀಸಿಗೆ ಹಲ್ಲುನೋವೆಂದು ಹೇಳುವುದೆಂದು ನಿಶ್ಚಯಿಸಿದ್ದೇನೆ. ಡಾಕ್ಟರು ಚೀಟಿ ಬರೆದುಕೊಡಲು ಒಪ್ಪಿದ್ದಾರೆ, ಮುಂದಿನ ಶನಿವಾರದ ನನ್ನ ಸರದಿಯನ್ನು ಅವರಿಗೆ ಬಿಟ್ಟುಕೊಟ್ಟರೆ.